ಮೊದಲ ಮೋಟಾರು ಸೈಕಲ್ಲು, ಅಡಿಕೆಯ ಧಾರಣೆ

ನಮ್ಮ ಕಡೆಯ ಹಿರಿಯ ತೋಟಗಾರರನ್ನು ಅವರ ಮದುವೆಯ ತಾರೀಖು ಕೇಳಿದರೆ ಒಂದು ಗಳಿಗೆ ಯೋಚಿಸುತ್ತಾರೆ. ಮೊದಲ ಮೋಟಾರು ಸೈಕಲ್ಲಿನ ನಂಬರು ಕೇಳಿದರೆ ತಡವಿಲ್ಲದೆ ಹೇಳುತ್ತಾರೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಸಣ್ಣ ಹಿಡುವಳಿದಾರರ ಅಂಗಳಕ್ಕೆ 1970 ಮತ್ತು 80ರ ದಶಕಗಳಲ್ಲಿ ಬಂದು ನಿಂತ ಆ ವಾಹನ ಬರೀ ಶೋಕಿಯ ವಸ್ತು ಎಂದು ಇಂದಿನ ಹುಡುಗರು ತಿಳಿದಿದ್ದಾರೆ. ಶೋಕಿ ಇರಲಿಲ್ಲ ಎಂದು ಹೇಳಲಾರೆ. 1976ರಲ್ಲಿ ತೆರೆಕಂಡ ‘ನಾ ನಿನ್ನ ಮರೆಯಲಾರೆ’ ಚಿತ್ರದಲ್ಲಿ ರಾಜ್‌ಕುಮಾರ್ ಅವರು ಮೋಟಾರು ಸೈಕಲ್ಲು ಓಡಿಸಿದ್ದನ್ನು ನೋಡಿ ಬಂದ ಮೇಲೆ ಯಾರ ಮನಸ್ಸು ತಾನೇ ಸುಮ್ಮನಿದ್ದೀತು! ಆದರೆ ತೋಟಗಾರನ ಬಾಳಿನಲ್ಲಿ ಅದು ಮಾಡಿದ ದೊಡ್ಡ ಕೆಲಸ ಬೇರೆಯೇ ಇದೆ. ತನ್ನ ಬೆಳೆಯ ಧಾರಣೆಯನ್ನು ತಾನೇ ಹೋಗಿ ಕೇಳುವ ಅನುಕೂಲವನ್ನು ಅದು ಒದಗಿಸಿತು.

ಮೈಸೂರಿನ ಗಾಡಿ

ಆಗ ನಮ್ಮ ರಸ್ತೆಗಳಲ್ಲಿ ಮೂರು ಬಗೆಯ ಮೋಟಾರು ಸೈಕಲ್ಲುಗಳು ಕಾಣುತ್ತಿದ್ದವು. ಮದರಾಸಿನಲ್ಲಿ 1955ರಿಂದ ತಯಾರಾಗುತ್ತಿದ್ದ ಎನ್‌ಫೀಲ್ಡ್ ಬುಲೆಟ್ ಪೊಲೀಸರಿಗೆ, ದೊಡ್ಡ ಜಮೀನ್ದಾರರಿಗೆ. ಎಸ್ಕಾರ್ಟ್ಸ್‌ನವರ ರಾಜದೂತ್ ಹಾಲು ಮಾರುವವರಿಗೆ, ಭಾರ ಹೊರುವವರಿಗೆ. ಇವೆರಡರ ನಡುವೆ ನಮ್ಮವರ ಮನಸ್ಸು ಗೆದ್ದದ್ದು ಮೈಸೂರಿನ ಜಾವಾ.

ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಉತ್ಪಾದನೆ ಆರಂಭಿಸಿತು. ತಂತ್ರಜ್ಞಾನ ಚೆಕೊಸ್ಲೊವಾಕಿಯಾ ದೇಶದ್ದು, ನಡೆಸಿದವರು ಇರಾನಿ ಮನೆತನದವರು. ಜಾನೆಚೆಕ್ ಎಂಬ ಉದ್ಯಮಿಯ ಹೆಸರಿನ ಮೊದಲಕ್ಷರಗಳನ್ನೂ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೊದಲಕ್ಷರಗಳನ್ನೂ ಜೋಡಿಸಿ ‘ಜಾವಾ’ ಎಂದು ಹೆಸರಿಟ್ಟಿದ್ದರಂತೆ. ಜಾವಾ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ. 1973ರ ಸುಮಾರಿಗೆ ಹೆಸರು ‘ಯೆಜ್ಡಿ’ ಎಂದಾಯಿತು. ಇರಾನಿ ಮನೆತನದ ಮೂಲ ಊರಾದ ಯಜ್ದ್ ಎಂಬ ಪಟ್ಟಣದ ನೆನಪಿಗೆ ಇಟ್ಟ ಹೆಸರು ಅದು. ಅದೇ 1973ರ ನವೆಂಬರಿನಲ್ಲಿ ಮೈಸೂರು ರಾಜ್ಯ ಕರ್ನಾಟಕವಾಯಿತು. ರಾಜ್ಯದ ಹೆಸರು ಬದಲಾದರೂ ಊರಲ್ಲಿ ಹಳಬರು ‘ಮೈಸೂರು ಸೀಮೆ’ ಎನ್ನುವುದನ್ನು ಬಿಡಲಿಲ್ಲ. ಹಾಗೆಯೇ ಯೆಜ್ಡಿ ಬಂದ ಮೇಲೂ ಅದನ್ನು ಜಾವಾ ಎಂದೇ ಕರೆದರು.

250 ಸಿ.ಸಿ.ಯ ಒಂದೇ ಸಿಲಿಂಡರು, ಆದರೆ ಸೈಲೆನ್ಸರು ಎರಡು. ಕಿಕ್ ಹೊಡೆಯುವ ಸನ್ನೆಯನ್ನೇ ಒಳಕ್ಕೆ ಒತ್ತಿ ಮುಂದಕ್ಕೆ ತಿರುಗಿಸಿದರೆ ಅದೇ ಗೇರಿನ ಸನ್ನೆ. ಇದನ್ನು ಮೊದಲ ಸಲ ಕಂಡವರು ಬೆರಗಾಗುತ್ತಿದ್ದರು. ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಜಾವಾದಲ್ಲಿ ಅದಕ್ಕೆ ತಿರುಗುಮುರುಗು. ಆದ್ದರಿಂದ ಬುಲೆಟ್ ಓಡಿಸಿ ಅಭ್ಯಾಸವಿದ್ದ ನೆಂಟರಿಗೆ ಜಾವಾ ಕೊಡಲು ನಾವು ಹಿಂದೆ ಮುಂದೆ ನೋಡುತ್ತಿದ್ದೆವು.

ದಾರಿಯಿಲ್ಲದ ಕಾಲ

ಮೋಟಾರು ಸೈಕಲ್ಲು ಬರುವ ಮುಂಚಿನ ಸ್ಥಿತಿಯನ್ನು ಇಲ್ಲಿ ಸ್ಮರಿಸುವುದು ಅಗತ್ಯ. ಭದ್ರಾ ನಾಲೆಯ ನೀರು ಹರಿದ ಮೇಲೆ ಚನ್ನಗಿರಿ ಸೀಮೆಯಲ್ಲಿ ತೋಟ ಹೆಚ್ಚಿತು. ಬೆಳೆ ಬಂತು, ಆದರೆ ಮಾರುಕಟ್ಟೆ ಹತ್ತಿರ ಬರಲಿಲ್ಲ. ನಮ್ಮ ಹಳ್ಳಿ ಚನ್ನಗಿರಿಗೂ ಸಂತೆಬೆನ್ನೂರಿಗೂ ನಡುವೆ, ಡಾಂಬರು ರಸ್ತೆಯಿಂದ ಒಳಗೆ. ಬಸ್ಸು ಹಿಡಿಯಲು ನಡೆದು ಬರಬೇಕು. ಚನ್ನಗಿರಿಯಲ್ಲಿ ಬಸ್ಸು ಬದಲಿಸಿ ಸುಮಾರು 40 ಕಿ.ಮೀ. ದೂರದ ಶಿವಮೊಗ್ಗ ತಲುಪುವ ಹೊತ್ತಿಗೆ ಮಂಡಿಯ ವ್ಯಾಪಾರ ಅರ್ಧ ಮುಗಿದಿರುತ್ತಿತ್ತು. ಹೋಗಿ ಬರುವುದಕ್ಕೆ ಒಂದು ದಿನ ಪೂರ್ತಿ ಬೇಕು. ಕೊಯ್ಲಿನ ಕಾಲದಲ್ಲಿ ಒಂದು ದಿನ ಮನೆ ಬಿಡುವುದೆಂದರೆ ಎಂಥ ಕಷ್ಟ ಎಂಬುದು ಓದುಗರಿಗೆ ಗೊತ್ತೇ ಇದೆ.

ಆದ್ದರಿಂದ ಹೆಚ್ಚಿನವರು ತೋಟವನ್ನು ಖೇಣಿಗೆ ಕೊಡುತ್ತಿದ್ದರು. ಖೇಣಿದಾರರು ಮುಂಚಿತವಾಗಿ ಹಣ ಕೊಡುವರು. ಅವರ ಆಳುಗಳೇ ಬಂದು ಗೊನೆ ತೆಗೆದು ಒಯ್ಯುವರು. ಮಗಳ ಮದುವೆಗೋ ಮೋಟಾರು ಪಂಪಿಗೋ ಮುಂಗಡ ತೆಗೆದುಕೊಂಡವನು ಅವರು ಹೇಳಿದ ಲೆಕ್ಕವನ್ನು ಒಪ್ಪಬೇಕು. ನಮ್ಮ ಮನೆಯಲ್ಲಿಯೂ ಹಾಗೇ ನಡೆದಿತ್ತು. ನಮ್ಮ ತೋಟ ಹಿಡಿಯುತ್ತಿದ್ದವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಅವರಿಗೆ ಮಾರುಕಟ್ಟೆಗೆ ದಾರಿ ಇತ್ತು, ನಮಗೆ ಇರಲಿಲ್ಲ. ವ್ಯತ್ಯಾಸ ಅಷ್ಟೇ.

ರೇಡಿಯೋದಲ್ಲಿ, ಪತ್ರಿಕೆಯಲ್ಲಿ ಧಾರಣೆ ಬರುತ್ತಿರಲಿಲ್ಲವೆ ಎಂದು ಯಾರಾದರೂ ಕೇಳಬಹುದು. ಬರುತ್ತಿತ್ತು. ಆದರೆ ರಾಶಿಗೆ ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಎಂದು ಓದಿದರೆ ನಮ್ಮ ಚೀಲದ ಅಡಿಕೆ ಆ ಎರಡರ ನಡುವೆ ಎಲ್ಲಿ ನಿಲ್ಲುತ್ತದೆ ಎಂಬುದು ತಿಳಿಯುವುದಿಲ್ಲ. ಬಣ್ಣ, ಒಣಗಿದ ಹದ, ಗೊರಬಲಿನ ಬೆರಕೆ ಇವನ್ನೆಲ್ಲ ನೋಡಿ ಹೇಳಬೇಕಾದರೆ ಮಾದರಿಯನ್ನು ಮಂಡಿಯವರ ಅಂಗೈ ಮೇಲೆ ಇಡಬೇಕು.

ಎತ್ತು ಹೋಗಿ ಜಾವಾ ಬಂತು

1979ರಲ್ಲಿ ಶಿವಮೊಗ್ಗದ ಒಬ್ಬರಿಂದ ಹಳೆಯ ಜಾವಾ ಕೊಳ್ಳುವ ಮಾತು ಬಂತು. ಕಡುಗೆಂಪು ಬಣ್ಣ, ಟ್ಯಾಂಕಿನ ಪಕ್ಕದಲ್ಲಿ ಮಾಸಿದ ಬೆಳ್ಳಿ ಹೊಳಪು, ‘ಎಂ.ವೈ.’ ಎಂದು ಆರಂಭವಾಗುವ ಹಳೆ ಮೈಸೂರು ರಾಜ್ಯದ ನಂಬರು. ಹಣ ಹೊಂದಿಸಲು ಮನೆಯ ಎರಡು ಜೊತೆ ಎತ್ತುಗಳಲ್ಲಿ ಒಂದು ಜೊತೆ ಮಾರಬೇಕಾಯಿತು. ಅಪ್ಪ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಊಟಕ್ಕೆ ಕೂತಾಗ, “ಎತ್ತು ಹುಲ್ಲು ತಿಂದು ಗೊಬ್ಬರ ಕೊಡ್ತವೆ. ನಿನ್ನ ಗಾಡಿ ಪೆಟ್ರೋಲ್ ಕುಡಿದು ಹೊಗೆ ಕೊಡ್ತೈತೆ. ಲೆಕ್ಕ ನೀನೇ ಹೇಳಪ್ಪ” ಅಂದರು.

“ಒಂದು ಕೊಯ್ಲು ನೋಡಪ್ಪ, ಆಮೇಲೆ ಹೇಳ್ತೀನಿ” ಅಂದೆ.

ಕಲಿತದ್ದು ನಾಲೆಯ ಏರಿಯ ಮೇಲೆ. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ. ಆದ್ದರಿಂದ ನೇರ ಹೋಗುವುದನ್ನು ಬೇಗ ಕಲಿಯಬೇಕಾಯಿತು. ಕಲಿಸಿದ ಸೋದರಮಾವ ಸೈಕಲ್ಲಿನಲ್ಲಿ ಹಿಂದೆ ಬರುತ್ತ “ಕ್ಲಚ್ಚು ಬಿಡೋ, ಮೆಲ್ಲಗೆ ಬಿಡೋ” ಎಂದು ಕೂಗುತ್ತಿದ್ದರು.

ಆ ವರ್ಷ ತೋಟದ ಅರ್ಧ ಭಾಗವನ್ನು ಮಾತ್ರ ಖೇಣಿಗೆ ಕೊಟ್ಟೆವು. ಉಳಿದರ್ಧವನ್ನು ಮನೆಯಲ್ಲಿಯೇ ಸುಲಿದು, ಬೇಯಿಸಿ, ಒಣಗಿಸಿದೆವು. ಅವ್ವ ಮತ್ತು ನನ್ನ ಹೆಂಡತಿಯ ಬೆರಳುಗಳು ಚೊಗರಿನಿಂದ ಎರಡು ತಿಂಗಳು ಕಪ್ಪಾಗಿಯೇ ಇದ್ದವು. ಮೋಟಾರು ಸೈಕಲ್ಲಿನ ಕತೆ ಹೇಳುವ ಗಂಡಸರು ಈ ಭಾಗವನ್ನು ಮರೆಯುತ್ತಾರೆ. ಮಾದರಿ ಒಯ್ಯಲು ಗಾಡಿ ಇದ್ದರೆ ಸಾಲದು. ಆ ಮಾದರಿಯನ್ನು ರಾತ್ರಿ ಹನ್ನೊಂದರವರೆಗೆ ಕೂತು ಸುಲಿದ ಕೈಗಳೂ ಬೇಕು.

ಒಣಗಿದ ಅಡಿಕೆಯ ಒಂದು ಸಣ್ಣ ಬಟ್ಟೆಯ ಚೀಲ ಕಟ್ಟಿಕೊಂಡು ಬೆಳಗಿನ ಜಾವ ಹೊರಟೆ. ಚನ್ನಗಿರಿಯಲ್ಲಿ ಒಂದು ಕಡೆ ತೋರಿಸಿದೆ. ಶಿವಮೊಗ್ಗದಲ್ಲಿ ಮೂರು ಮಂಡಿ ತಿರುಗಿದೆ. ನಾಲ್ಕು ಕಡೆ ನಾಲ್ಕು ಮಾತು. ಒಬ್ಬರು ಹಸಿ ಇದೆ ಅಂದರು, ಇನ್ನೊಬ್ಬರು ಬಣ್ಣ ಸಾಲದು ಅಂದರು, ಮೂರನೆಯವರು ಏನೂ ಅನ್ನದೆ ಒಳ್ಳೆಯ ಬೆಲೆ ಹೇಳಿದರು. ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದು ಕೂತೆ. ಅಪ್ಪ ತಟ್ಟೆ ಬದಿಗಿಟ್ಟು, “ಏನಂದ್ರು?” ಎಂದು ಕೇಳಿದರು. ಬೆಲೆ ಹೇಳಿದೆ. ಅವರು ಬೆರಳು ಮಡಚಿ ಲೆಕ್ಕ ಹಾಕಿದರು. ಮತ್ತೊಮ್ಮೆ ಹಾಕಿದರು. ಮುಂದಿನ ವರ್ಷ ತೋಟವನ್ನು ಖೇಣಿಗೆ ಕೊಡಲಿಲ್ಲ. ಎತ್ತಿನ ಮಾತನ್ನೂ ಅವರು ಮತ್ತೆ ಎತ್ತಲಿಲ್ಲ.

ಸಾಕಿದ ಹಾಗೆ ನೋಡಿಕೊಂಡದ್ದು

ಇದು ಟೂ ಸ್ಟ್ರೋಕ್ ಎಂಜಿನ್ನು. ಲೀಟರು ಪೆಟ್ರೋಲಿಗೆ ಮೂವತ್ತರಿಂದ ನಲವತ್ತು ಮಿಲಿಲೀಟರು ಆಯಿಲ್ ಬೆರೆಸಿ, ಗಾಡಿಯನ್ನು ಎಡಕ್ಕೂ ಬಲಕ್ಕೂ ಅಲುಗಿಸಬೇಕು. ಆಯಿಲ್ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹೆಚ್ಚಾದರೆ ಪ್ಲಗ್ಗಿಗೆ ಮಸಿ ಕಟ್ಟುತ್ತದೆ. ಬೋರ್ಡೋ ದ್ರಾವಣಕ್ಕೆ ಮೈಲುತುತ್ತ, ಸುಣ್ಣ ತೂಗಿ ಅಭ್ಯಾಸವಿದ್ದ ತೋಟಗಾರನಿಗೆ ಈ ಅಳತೆ ಕಷ್ಟವಾಗಲಿಲ್ಲ. ಸೈಲೆನ್ಸರಿನ ಒಳಗಿನ ಕೊಳವೆಗೆ ಕಟ್ಟಿದ ಕರಿಯನ್ನು ಅಡಿಕೆ ಬೇಯಿಸುವ ಒಲೆಯಲ್ಲಿಯೇ ಸುಟ್ಟು ಉದುರಿಸುತ್ತಿದ್ದೆವು. ಪಾಯಿಂಟು ಉಜ್ಜುವುದು, ಚೈನು ಬಿಗಿ ಮಾಡುವುದು, ಪಂಕ್ಚರ್ ಹಾಕುವುದು ಎಲ್ಲವೂ ಮನೆಯ ಅಂಗಳದಲ್ಲಿಯೇ. ಬಿಡಿಭಾಗ ಬೇಕಾದರೆ ಮಾತ್ರ ಶಿವಮೊಗ್ಗಕ್ಕೋ ದಾವಣಗೆರೆಗೋ ಹೋಗಬೇಕಿತ್ತು.

ಆರು ವೋಲ್ಟಿನ ದೀಪ ಅದರ ದೊಡ್ಡ ಕೊರತೆ. ಎಂಜಿನ್ನಿನ ವೇಗ ಏರಿಸಿದರೆ ಬೆಳಕು ಏರುವುದು, ಇಳಿಸಿದರೆ ಇಳಿಯುವುದು. ಒಂದು ಮಳೆಗಾಲದ ರಾತ್ರಿ ತೋಟದಲ್ಲಿ ಕೆಲಸಕ್ಕಿದ್ದವನ ಕಾಲಿಗೆ ಹಾವು ಕಚ್ಚಿತು. ಅವನನ್ನು ನಡುವೆ ಕೂರಿಸಿ, ಹಿಂದೆ ನನ್ನ ತಮ್ಮ ಕೂತು, ಮೂವರನ್ನೂ ಒಂದು ಪಂಚೆಯಲ್ಲಿ ಬಿಗಿದುಕೊಂಡು ನಾಲೆಯ ಏರಿಯ ಮೇಲೆ ಹೊರಟೆವು. ನಿಧಾನ ಮಾಡಿದರೆ ದಾರಿ ಕಾಣದು, ಜೋರು ಮಾಡಿದರೆ ಕೆಸರು ಜಾರುವುದು. ತಮ್ಮ ಹಿಂದಿನಿಂದ “ಮಾತಾಡೋ, ನಿದ್ದೆ ಮಾಡಬ್ಯಾಡ” ಎಂದು ಅವನನ್ನು ಅಲುಗಿಸುತ್ತಲೇ ಇದ್ದ. ಆಸ್ಪತ್ರೆ ತಲುಪಿದೆವು, ಅವನು ಉಳಿದ. ಬಸ್ಸಿಲ್ಲದ ಆ ಹೊತ್ತಿನಲ್ಲಿ ಎತ್ತಿನ ಗಾಡಿ ಕಟ್ಟಿದ್ದರೆ ಏನಾಗುತ್ತಿತ್ತೋ.

ನೆರೆಯ ತಾಲ್ಲೂಕುಗಳಲ್ಲಿ

ಇದು ಒಂದು ಊರಿನ ಮಾತಲ್ಲ. ಹೊನ್ನಾಳಿಯವರು ತುಂಗಭದ್ರೆಯ ದಂಡೆಯ ಊರುಗಳಿಂದ, ಆಗ ಹೊನ್ನಾಳಿ ತಾಲ್ಲೂಕಿಗೇ ಸೇರಿದ್ದ ನ್ಯಾಮತಿಯವರು ತೀರ್ಥರಾಮೇಶ್ವರದ ಗುಡ್ಡದ ಕಡೆಯಿಂದ ಹೀಗೆಯೇ ಶಿವಮೊಗ್ಗದ ದಾರಿ ಹಿಡಿಯುತ್ತಿದ್ದರು. ಜಗಳೂರಿನವರ ಪಾಡು ಬೇರೆ. ಅದು ಮಳೆ ನಂಬಿದ ಬಯಲುಸೀಮೆ. ಅಲ್ಲಿ ಮೋಟಾರು ಸೈಕಲ್ಲು ಹೆಚ್ಚು ಓಡಿದ್ದು ಪಂಪಿನ ಬಿಡಿಭಾಗ ತರಲು, ಕೊಳವೆ ಬಾವಿ ಕೊರೆಯುವವರನ್ನು ಹುಡುಕಲು. ಈಚಿನ ವರ್ಷಗಳಲ್ಲಿ ಕೊಳವೆ ಬಾವಿ ನಂಬಿ ಅಡಿಕೆ ಇಟ್ಟ ಅಲ್ಲಿಯವರಿಗೆ ಚಿತ್ರದುರ್ಗದ ಕಡೆಯ ಭೀಮಸಮುದ್ರದ ಅಡಿಕೆ ವ್ಯಾಪಾರ ಹತ್ತಿರ.

ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಲ್ಲಿ, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿ ಇದ್ದವು. 1997ರಲ್ಲಿ ದಾವಣಗೆರೆ ಜಿಲ್ಲೆಯಾದ ಮೇಲೆ ಹೊಸ ಗಾಡಿಗಳಿಗೆ ಕೆ.ಎ. 17 ಬಂತು. ಹೀಗಾಗಿ ಒಂದೇ ಮನೆಯ ಕೊಟ್ಟಿಗೆಯಲ್ಲಿ ತಂದೆಯ ‘ಎಂ.ವೈ.’, ಅಣ್ಣನ ‘ಕೆ.ಎ. 14’, ತಮ್ಮನ ‘ಕೆ.ಎ. 17’ ಸಾಲಾಗಿ ನಿಂತದ್ದುಂಟು.

ಕಾಫಿ ಬೆಳೆಯುವ ಸದಸ್ಯ ಬಾಂಧವರ ಅನುಭವ ಸ್ವಲ್ಪ ಭಿನ್ನ. ಅವರ ಕಾಫಿ ಕಾಫಿ ಮಂಡಳಿಯ ಪೂಲ್‌ಗೆ ಹೋಗುತ್ತಿತ್ತು, ಹಣ ಕಂತುಗಳಲ್ಲಿ ಬರುತ್ತಿತ್ತು. ಬೆಲೆ ಕೇಳಿಕೊಂಡು ತಿರುಗುವ ಪ್ರಸಂಗವೇ ಇರಲಿಲ್ಲ. 1992ರಿಂದ 1996ರೊಳಗೆ ಹಂತ ಹಂತವಾಗಿ ಮುಕ್ತ ಮಾರಾಟಕ್ಕೆ ಅವಕಾಶವಾದಾಗ, ಅಡಿಕೆಯವರು ಮೊದಲೇ ಕಲಿತಿದ್ದ ಪಾಠವನ್ನು, ಅಂದರೆ ಮಾದರಿ ಹಿಡಿದು ನಾಲ್ಕು ಬಾಗಿಲು ತಟ್ಟುವುದನ್ನು, ಅವರೂ ಕಲಿತರು.

ಕಾಲ ಬದಲಾಯಿತು

1980ರ ದಶಕದ ನಡುವಿನಲ್ಲಿ ಜಪಾನಿನ ತಂತ್ರಜ್ಞಾನದ 100 ಸಿ.ಸಿ. ಗಾಡಿಗಳು ಬಂದವು. 1985ರಲ್ಲಿ ಬಂದ ಹೀರೋ ಹೋಂಡಾ ಫೋರ್ ಸ್ಟ್ರೋಕ್. ಅದಕ್ಕೆ ಪೆಟ್ರೋಲಿಗೆ ಆಯಿಲ್ ಬೆರೆಸುವ ತಾಪತ್ರಯವಿಲ್ಲ. ಕುಡಿಯುವುದೂ ಕಡಿಮೆ. ಲೆಕ್ಕ ಬಲ್ಲ ತೋಟಗಾರ ಅತ್ತ ವಾಲಿದ. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ಜಾವಾ ಹೆಸರಿನಲ್ಲಿ 2018ರಲ್ಲಿ, ಯೆಜ್ಡಿ ಹೆಸರಿನಲ್ಲಿ 2022ರಲ್ಲಿ ಬೇರೆ ಕಂಪನಿಯವರು ಹೊಸ ಗಾಡಿಗಳನ್ನು ತಂದಿದ್ದಾರೆ. ಹಳೆಯದಕ್ಕೂ ಅವಕ್ಕೂ ಹೆಸರೊಂದೇ ನಂಟು. ನಮ್ಮ ಹಳೆ ಜಾವಾವನ್ನು 1991ರಲ್ಲಿ ಕೊಟ್ಟೆವು. ಕೊಂಡವರು ಅದನ್ನು ತಳ್ಳಿಕೊಂಡು ಹೋಗುವಾಗ ಅಪ್ಪ ತೋಟದ ಕಡೆ ಹೋಗಿಬಿಟ್ಟರು.

ಈಗ ಧಾರಣೆ ಕೈಯಲ್ಲಿರುವ ಫೋನಿಗೇ ಬರುತ್ತದೆ. ಸಂತೋಷ. ಆದರೆ ಫೋನು ಹೇಳುವುದು ಮಾರುಕಟ್ಟೆಯ ಧಾರಣೆ, ನಮ್ಮ ಚೀಲದ ಧಾರಣೆಯಲ್ಲ. ನಮ್ಮ ಅಡಿಕೆಯನ್ನು ಸುರಿದು, ಬೆರಳಲ್ಲಿ ಆಡಿಸಿ, ಕಚ್ಚಿ ನೋಡಿ ಹೇಳುವವರ ಮುಂದೆ ನಾವು ನಿಂತಿರಬೇಕು. ಅಂಗಳದಲ್ಲಿ ಗಾಡಿ ನಿಂತಿದ್ದೂ, ಹೋಗಿ ಕೇಳಲು ಬೇಸರಪಟ್ಟು ತೋಟವನ್ನು ಹಸಿಯಾಗಿಯೇ ಒಪ್ಪಿಸುವ ತರುಣರನ್ನು ಈಗಲೂ ಕಾಣುತ್ತೇವೆ. ಕೂಲಿಯಾಳು ಸಿಗದ ಕಷ್ಟ ಇರುವವರು ಹಾಗೆ ಮಾಡಿದರೆ ಅರ್ಥವಿದೆ. ಆದರೂ ಒಪ್ಪಿಸುವ ಮೊದಲು ನಾಲ್ಕು ಕಡೆ ವಿಚಾರಿಸುವುದು ಒಳ್ಳೆಯದು.

ಇನ್ನೊಂದು ಮಾತು. ನಾವು ತಲೆಗೆ ಟವೆಲು ಸುತ್ತಿ ಓಡಿಸಿದ ಕಾಲದ ರಸ್ತೆಯಲ್ಲಿ ಎತ್ತಿನ ಗಾಡಿಗಳೇ ಹೆಚ್ಚು. ಇಂದಿನ ರಸ್ತೆ ಹಾಗಿಲ್ಲ. ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯವೆಂದು ರಾಜ್ಯದಲ್ಲಿ 2016ರಲ್ಲೇ ಆದೇಶವಾಗಿದೆ. ಮಂಡಿಗೆ ಹೊರಟ ಮಗನಿಗೆ ಮಾದರಿಯ ಚೀಲ ಕೊಡುವಾಗ ಅದನ್ನೂ ಕೈಗಿಡಿ. ಒಳ್ಳೆಯ ಧಾರಣೆ ಕೇಳಿಕೊಂಡು ಬಂದವನು ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರಬೇಕು.