ಒಂದು ಕಥೆ, ಎರಡು ನುಡಿ

ಸಾರಿನ ಪುಡಿಗೆ ಬೇಕಾದ ಮೆಣಸು, ಜೀರಿಗೆ, ಕೊತ್ತಂಬರಿ, ಮೆಂತ್ಯಗಳು ಒಂದೊಂದೂ ಬೇರೆ ರುಚಿಯವಾದರೂ, ಹದವರಿತು ಹುರಿದು ಕುಟ್ಟಿದಾಗ ಒಂದೇ ಪರಿಮಳವಾಗುವುದನ್ನು ಗೃಹಿಣಿಯರೆಲ್ಲರೂ ಬಲ್ಲರು. ದಕ್ಷಿಣ ದೇಶದ ಚಲಚ್ಚಿತ್ರಗಳಲ್ಲಿಯೂ ಇಂತಹುದೊಂದು ಜಾತಿಯುಂಟು. ಹೊಡೆದಾಟ, ಪ್ರೇಮ, ತಾಯಿಯ ಕಣ್ಣೀರು, ಹಾಸ್ಯ, ಹಾಡು, ಕುಣಿತಗಳನ್ನೆಲ್ಲ ಒಂದೇ ಪಾತ್ರೆಯಲ್ಲಿ ಬೆರೆಸಿ ಬಡಿಸುವ ಇದನ್ನು ಜನರು ಮಸಾಲೆ ಚಿತ್ರವೆಂದು ಕರೆಯುವರು. ವಿದ್ಯಾವಂತರಲ್ಲಿ ಕೆಲವರು ಈ ಹೆಸರನ್ನು ತಾತ್ಸಾರದಿಂದ ಉಚ್ಚರಿಸುವುದುಂಟು. ಆದರೆ ನಮ್ಮ ಹಿರಿಯರು ರಾತ್ರಿಯೆಲ್ಲ ಎಚ್ಚರವಿದ್ದು ನೋಡಿದ ಕಂಪನಿ ನಾಟಕಗಳೂ ಇದೇ ಅಡಿಗೆಯನ್ನೇ ಬಡಿಸುತ್ತಿದ್ದುವೆಂಬುದನ್ನು ಮರೆಯಲಾಗದು. ಒಂದು ನುಡಿಯಲ್ಲಿಯೇ ಕಷ್ಟಸಾಧ್ಯವಾದ ಈ ಹದವನ್ನು ಏಕಕಾಲದಲ್ಲಿ ಎರಡು ನುಡಿಗಳಲ್ಲಿ ಸಾಧಿಸುವುದು ಹೇಗೆ? 2015ನೆಯ ಇಸವಿಯ ಜುಲೈ 10ರಂದು ತೆಲುಗು ಮತ್ತು ತಮಿಳುಗಳಲ್ಲಿ ಒಟ್ಟಿಗೆ ತೆರೆಗೆ ಬಂದ 'ಬಾಹುಬಲಿ'ಯ ಮೊದಲ ಭಾಗವು ಈ ಪ್ರಶ್ನೆಗೆ ತಕ್ಕ ನಿದರ್ಶನವಾಗಿದೆ.

ಎರಡು ನುಡಿಗಳ ಈ ಸಖ್ಯವು ಹೊಸತಲ್ಲ. 1931ರ ಅಕ್ಟೋಬರ್ 31ರಂದು ಪ್ರದರ್ಶಿತವಾದ 'ಕಾಳಿದಾಸ'ವನ್ನು ತಮಿಳಿನ ಮೊದಲ ವಾಕ್ಚಿತ್ರವೆಂದು ಎಣಿಸುವರು. ಎಚ್. ಎಂ. ರೆಡ್ಡಿಯವರು ನಿರ್ದೇಶಿಸಿದ ಆ ಚಿತ್ರದಲ್ಲಿ ನಾಯಿಕೆಯಾದ ಟಿ. ಪಿ. ರಾಜಲಕ್ಷ್ಮಿಯವರು ತಮಿಳಿನಲ್ಲಿ ನುಡಿದರೆ, ಇತರ ಕೆಲವು ಪಾತ್ರಧಾರಿಗಳು ತೆಲುಗಿನಲ್ಲಿ ಉತ್ತರವೀಯುತ್ತಿದ್ದರಂತೆ! ಪ್ರೇಕ್ಷಕರಿಗೆ ಅದೊಂದು ವಿಪರೀತವೆಂದು ತೋರಲಿಲ್ಲ. ಮದರಾಸು ಪಟ್ಟಣವು ಆಗ ಎರಡು ಭಾಷೆಯವರಿಗೂ ರಾಜಧಾನಿಯಾಗಿದ್ದಿತಷ್ಟೆ. 1953ರಲ್ಲಿ ಆಂಧ್ರ ರಾಜ್ಯವು ಬೇರ್ಪಟ್ಟ ಬಳಿಕವೂ ಬಹುಕಾಲ ತೆಲುಗು ಚಿತ್ರಗಳು ಮದರಾಸಿನ ಸ್ಟುಡಿಯೋಗಳಲ್ಲಿಯೇ ಸಿದ್ಧವಾಗುತ್ತಿದ್ದುವು. ಕೆ. ವಿ. ರೆಡ್ಡಿಯವರ 'ಪಾತಾಳ ಭೈರವಿ'ಯು 1951ರಲ್ಲಿ ಎರಡು ನುಡಿಗಳಲ್ಲಿಯೂ ಬಂದಿತು. 1955ರ 'ಮಿಸ್ಸಮ್ಮ'ದಲ್ಲಿಯಂತೂ ಸಾವಿತ್ರಿಯವರು ಎರಡು ಪ್ರತಿಗಳಿಗೂ ನಾಯಿಕೆಯಾಗಿದ್ದು, ತೆಲುಗಿನಲ್ಲಿ ಎನ್. ಟಿ. ರಾಮರಾಯರೂ ತಮಿಳಿನಲ್ಲಿ ಜೆಮಿನಿ ಗಣೇಶನ್ ಅವರೂ ನಾಯಕರಾದರು.

ಈಗ ಈ ಕೆಲಸದ ಒಳಗುಟ್ಟನ್ನು ನೋಡೋಣ. ನಟನ ಮುಖವನ್ನು ಹತ್ತಿರದಿಂದ ತೋರಿಸುವ ಸಂಭಾಷಣೆಯ ದೃಶ್ಯವನ್ನು ಎರಡು ಸಲ ಚಿತ್ರಿಸಬೇಕು. ದೀಪ, ಉಡುಪು, ನಿಂತ ಸ್ಥಳ ಎಲ್ಲವೂ ಅವೇ. ಒಂದು ಭಾಷೆಯಲ್ಲಿ ಮಾತು ಮುಗಿದೊಡನೆ ಅದೇ ಕೋಪವನ್ನು, ಅದೇ ಅಳುವನ್ನು ಮತ್ತೊಂದು ಭಾಷೆಯಲ್ಲಿ ಹೊಸದಾಗಿ ತಂದುಕೊಳ್ಳಬೇಕು. ಯುದ್ಧ, ಜಲಪಾತ, ಓಟ, ದೂರದ ನೋಟಗಳಿಗೆ ಮಾತ್ರ ಈ ದ್ವಿಗುಣ ಶ್ರಮವಿಲ್ಲ. ಒಂದು ಭಾಷೆಯ ಚಿತ್ರದ ಮೇಲೆ ಮತ್ತೊಂದರ ಧ್ವನಿಯನ್ನು ಅಂಟಿಸಿದರಾಗದೆ ಎಂದು ಯಾರಾದರೂ ಕೇಳಬಹುದು. ಅಡ್ಡಿಯಿರುವುದು ತುಟಿಗಳಲ್ಲಿ. ತೆಲುಗಿನ ಪದಗಳು ಬಹುಮಟ್ಟಿಗೆ ಸ್ವರದಿಂದ ಕೊನೆಗೊಳ್ಳುವುವು; ತಮಿಳಿನ ಅನೇಕ ಪದಗಳು ವ್ಯಂಜನದಿಂದ ಮುಗಿಯುವುವು. ತೆಲುಗಿನವನು 'ರಾಮುಡು' ಎಂದು ಬಾಯನ್ನು ತೆರೆದೇ ನಿಲ್ಲಿಸಿದರೆ ತಮಿಳಿನವನು 'ರಾಮನ್' ಎಂದು ನಾಲಗೆಯನ್ನು ಹಲ್ಲಿನ ಬಳಿಗೆ ಒತ್ತುವನು. ತಮಿಳಿನಲ್ಲಿ 'ಮರಮ್' ಎಂದೊಡನೆ ತುಟಿಗಳು ಮುಚ್ಚುವುವು. ಅದಕ್ಕೆ ತೆಲುಗಿನಲ್ಲಿ ಹೇಳುವ 'ಚೆಟ್ಟು' ಎಂಬಲ್ಲಿ ಮುಚ್ಚವು. ಕಿವಿ ಮೋಸಹೋದರೂ ಕಣ್ಣು ಮೋಸಹೋಗುವುದಿಲ್ಲ.

'ಬಾಹುಬಲಿ'ಯ ನಿರ್ದೇಶಕರಾದ ಎಸ್. ಎಸ್. ರಾಜಮೌಳಿಯವರು 1973ರಲ್ಲಿ ನಮ್ಮ ರಾಯಚೂರು ಜಿಲ್ಲೆಯಲ್ಲಿ ಜನಿಸಿದವರು. ಕಥೆಯು ಅವರ ತಂದೆ ವಿಜಯೇಂದ್ರ ಪ್ರಸಾದರದು. 2013ರ ಜುಲೈಯಲ್ಲಿ ಕರ್ನೂಲಿನ ಬಳಿಯ ಓರ್ವಕಲ್ಲು ಬಂಡೆಗಳ ನಡುವೆ ಚಿತ್ರಣವು ಮೊದಲಾಯಿತು. ಜಲಪಾತದ ದೃಶ್ಯಗಳಿಗೆ ಕೇರಳದ ಅದಿರಪ್ಪಳ್ಳಿಗೆ ಹೋದರು. ಮಾಹಿಷ್ಮತಿಯೆಂಬ ಕಲ್ಪಿತ ರಾಜಧಾನಿಯನ್ನು ಹೈದರಾಬಾದಿನ ರಾಮೋಜಿ ಚಿತ್ರನಗರಿಯಲ್ಲಿ ಕಟ್ಟಿದರು. ಪ್ರಭಾಸ್ ಮತ್ತು ರಾಣಾ ದಗ್ಗುಬಾಟಿ ತೆಲುಗಿನವರು. ಸತ್ಯರಾಜ್ ಮತ್ತು ನಾಸರ್ ತಮಿಳಿನವರು. ದೇವಸೇನೆಯಾದ ಅನುಷ್ಕಾ ಶೆಟ್ಟಿ ತುಳುನಾಡಿನವರು. ಪಾರಸಿಕ ಆಯುಧ ವ್ಯಾಪಾರಿಯಾಗಿ ಒಂದೇ ದೃಶ್ಯದಲ್ಲಿ ಬಂದುಹೋಗುವವರು ಕನ್ನಡದ ಸುದೀಪ್. ತಮಿಳು ಮಾತುಗಳನ್ನು ಬರೆದ ಮದನ್ ಕಾರ್ಕಿಯವರು ಕಾಲಕೇಯರೆಂಬ ಶತ್ರುಗಳಿಗಾಗಿ ಸುಮಾರು 750 ಪದಗಳುಳ್ಳ 'ಕಿಲಿಕಿ' ಎಂಬ ಭಾಷೆಯನ್ನೇ ಸೃಷ್ಟಿಸಿದರು. ಎರಡು ಪ್ರತಿಗಳಲ್ಲಿಯೂ ಬದಲಾಗದೆ ಉಳಿದುದು ಯಾರ ತಾಯ್ನುಡಿಯೂ ಅಲ್ಲದ ಆ ಭಾಷೆಯೊಂದೇ ಎಂಬುದು ವಿನೋದವಾಗಿದೆ.

ಹಾಗಾದರೆ ಎರಡು ಜನಾಂಗಗಳನ್ನು ಒಂದೇ ಕಥೆಯಲ್ಲಿ ಕಟ್ಟಿಹಾಕುವ ಸೂತ್ರವಾವುದು? ಅದು ಕುಟುಂಬವೇ ಎಂದು ನಮಗೆ ತೋರುತ್ತದೆ. ತೆಲುಗಿನ ಅತ್ತ, ತಮಿಳಿನ ಅತ್ತೈ, ನಮ್ಮ ಅತ್ತೆ. ಅವರ ಮಾಮ, ನಮ್ಮ ಮಾವ. ಎಲ್ಲವೂ ಒಂದೇ ಬೇರಿನ ಚಿಗುರುಗಳು. ರಾಜಕುಮಾರನು ತನ್ನ ಮನೆತನದ ದಾಸನಾದ ಕಟ್ಟಪ್ಪನನ್ನು 'ಮಾಮಾ' ಎಂದು ಕರೆದಾಗ ಎರಡು ನಾಡಿನ ಪ್ರೇಕ್ಷಕರಿಗೂ ಅರ್ಥದ ಜೊತೆಗೆ ಅಕ್ಕರೆಯೂ ತಿಳಿಯುವುದು. ರಮ್ಯಕೃಷ್ಣ ಅವರು ಅಭಿನಯಿಸಿರುವ ಶಿವಗಾಮಿಯು ತನ್ನ ಕೂಸನ್ನೂ ತಾಯಿಯಿಲ್ಲದ ಮತ್ತೊಂದು ಕೂಸನ್ನೂ ಎರಡು ಮಡಿಲಲ್ಲಿಟ್ಟು ಸಮನಾಗಿ ಹಾಲೂಡುವಳು. ರಾಜ್ಯವು ಯಾರಿಗೆಂಬ ಪ್ರಶ್ನೆಯನ್ನು ಆಕೆ ಯುದ್ಧದ ಗೆಲವಿನಿಂದ ನಿರ್ಣಯಿಸುವುದಿಲ್ಲ. ವೈರಿಗಳು ಸೆರೆಸಿಕ್ಕ ಪ್ರಜೆಗಳನ್ನು ಗುರಾಣಿಯಂತೆ ಮುಂದಿಟ್ಟಾಗ ಹೆತ್ತ ಮಗನು ಅವರನ್ನು ತುಳಿದು ಮುನ್ನುಗ್ಗಿದನು. ಸಾಕಿದ ಮಗನು ಅವರ ಪ್ರಾಣವನ್ನು ಉಳಿಸಿ ಮುಂದುವರಿದನು. ವೈರಿಯನ್ನು ಕೊಂದವನು ಹೆತ್ತ ಮಗನೇ ಆದರೂ ಪಟ್ಟವು ಸಾಕುಮಗನಿಗಾಯಿತು. ಇಷ್ಟು ದೊಡ್ಡ ಗದ್ದಲದ ನಡುವೆ ಇಂತಹ ಧರ್ಮಸೂಕ್ಷ್ಮವೊಂದಿರುವುದು ಸಾಮಾನ್ಯವೇನಲ್ಲ. 2015ರ ಅತ್ಯುತ್ತಮ ಕಥಾಚಿತ್ರವೆಂಬ ರಾಷ್ಟ್ರಪ್ರಶಸ್ತಿಯು ಇದಕ್ಕೆ ಸಂದಿತು.

ಆದರೂ ಗುಣದೊಂದಿಗೆ ದೋಷವನ್ನೂ ಹೇಳದಿದ್ದರೆ ನ್ಯಾಯವಾಗದು. ಶಸ್ತ್ರಧಾರಿಣಿಯಾದ ಅವಂತಿಕೆಯು ತಿಳಿಯದಂತೆ ನಾಯಕನು ಆಕೆಯ ಕೈಮೇಲೆ ಚಿತ್ರ ಬಿಡಿಸುವುದು, ಬಳಿಕ ಹೋರಾಟದ ನೆಪದಲ್ಲಿಯೇ ಆಕೆಯ ಯೋಧವೇಷವನ್ನು ಕಳಚಿ ಸಿಂಗರಿಸುವುದು, ಇವನ್ನು ಪ್ರೇಮವೆಂದು ಕರೆಯಲು ಅನೇಕ ಸ್ತ್ರೀಯರು ಒಪ್ಪಲಿಲ್ಲ. ಅವರ ಆಕ್ಷೇಪಣೆಯು ಯುಕ್ತವೇ. ಬೆಳೆಯುವ ಹುಡುಗರು ಪಕ್ಕದಲ್ಲಿ ಕುಳಿತು ನೋಡುವಾಗ, ಒಪ್ಪಿಗೆಯಿಲ್ಲದ ಸಲುಗೆಯು ಶೌರ್ಯವಲ್ಲವೆಂದು ತಾಯ್ತಂದೆಗಳು ಬಾಯಿಬಿಟ್ಟು ಹೇಳಬೇಕು. ರಕ್ತಪಾತದ ವಿಷಯವೂ ಹೀಗೆಯೇ. ಬಾಹುಬಲಿಯೆಂದೊಡನೆ ಕನ್ನಡಿಗರ ಕಣ್ಣಮುಂದೆ ನಿಲ್ಲುವವನು ಶ್ರವಣಬೆಳಗೊಳದ ಗೊಮ್ಮಟ. ಪಂಪನು ಆದಿಪುರಾಣದಲ್ಲಿ ಹೇಳಿದ ಆ ಕಥೆಯಲ್ಲಿಯೂ ರಾಜ್ಯಕ್ಕಾಗಿ ಸ್ಪರ್ಧಿಸುವ ಸೋದರರಿದ್ದಾರೆ. ಆದರೆ ಸೈನ್ಯಗಳ ನಾಶವಾಗಬಾರದೆಂದು ಅವರಿಬ್ಬರೇ ಹೋರುವರು, ಗೆದ್ದವನು ಗೆದ್ದುದನ್ನು ಬಿಟ್ಟು ತಪಸ್ಸಿಗೆ ನಡೆಯುವನು. ಹೆಸರು ಒಂದೇ ಆದರೂ ಹಾದಿ ಎರಡು. ಚಿತ್ರ ನೋಡಿ ಬಂದ ಮಕ್ಕಳಿಗೆ ಈ ಕಥೆಯನ್ನೂ ಹೇಳುವುದು ಒಳ್ಳೆಯದು.

ಭಾಷಾಸ್ನೇಹವು ತೆರೆಯ ಮೇಲೆ ಸುಲಭ, ಹೊರಗೆ ಕಷ್ಟವೆಂಬುದಕ್ಕೂ ಈ ಚಿತ್ರವೇ ಸಾಕ್ಷಿ. ಎರಡನೆಯ ಭಾಗವು 2017ರ ಏಪ್ರಿಲ್ 28ರಂದು ಬಿಡುಗಡೆಯಾಗುವುದಕ್ಕೆ ಮುಂಚೆ, ಕಾವೇರಿ ವಿವಾದದ ಸಂಬಂಧವಾಗಿ ಒಂಬತ್ತು ವರ್ಷಗಳ ಹಿಂದೆ ಸತ್ಯರಾಜರು ಆಡಿದ ಕಟುಮಾತುಗಳು ನಮ್ಮ ನಾಡಿನಲ್ಲಿ ಪ್ರತಿಭಟನೆಗೆ ಕಾರಣವಾದುವು. ರಾಜಮೌಳಿಯವರು ಕನ್ನಡದಲ್ಲಿಯೇ ವಿಜ್ಞಾಪಿಸಿಕೊಂಡರು, ಸತ್ಯರಾಜರು ವಿಷಾದವನ್ನು ಸೂಚಿಸಿದರು, ಚಿತ್ರವು ನಡೆಯಿತು. ಮಾತಿನಿಂದ ಆದ ಗಾಯಕ್ಕೆ ಮಾತೇ ಮದ್ದಾಯಿತು.

ಈಚೆಗೆ ಒಂದೇ ಭಾಷೆಯಲ್ಲಿ ಚಿತ್ರಿಸಿ ಉಳಿದವುಗಳಿಗೆ ಧ್ವನಿಯನ್ನು ಮಾತ್ರ ಜೋಡಿಸುವ ಪದ್ಧತಿಯು ಬಲವಾಗಿದೆ. ರಾಜಮೌಳಿಯವರದೇ ಆದ 2022ರ 'ಆರ್‌ಆರ್‌ಆರ್' ಕನ್ನಡಕ್ಕೆ ಬಂದುದು ಹೀಗೆಯೇ. ಖರ್ಚು ಕಡಮೆ, ವ್ಯಾಪ್ತಿ ಹೆಚ್ಚು, ಇದನ್ನು ತಪ್ಪೆನ್ನಲಾಗದು. ಆದರೆ ನಟನೊಬ್ಬನು ನೆರೆಯವರ ನುಡಿಯನ್ನು ಕಲಿತು, ಅದರಲ್ಲಿಯೇ ಅತ್ತು, ಅದರಲ್ಲಿಯೇ ನಗುವ ಶ್ರಮದಲ್ಲಿ ಒಂದು ಮರ್ಯಾದೆಯಿದೆ. ನೆರೆಮನೆಯ ಭಾಷೆಯ ನಾಲ್ಕು ಮಾತನ್ನು ಕಲಿತು ಆಡುವುದು ನಮ್ಮ ಬೀದಿಗಳಲ್ಲಿ ಹಿಂದಿನಿಂದಲೂ ಇದ್ದ ಒಳ್ಳೆಯ ನಡತೆ. ತೆರೆಯ ಮೇಲಿನಿಂದ ಅದು ಮರೆಯಾದರೂ ನಮ್ಮ ಮನೆಗಳಿಂದ ಮರೆಯಾಗದಿರಲಿ.