ಗಣಕ ಲೋಕದ ಮುಯ್ಯಿ

1975ರ ಮಾರ್ಚ್ 5ರ ಸಂಜೆ ಅಮೆರಿಕದ ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್ ಪಟ್ಟಣದಲ್ಲಿ, ಗಾರ್ಡನ್ ಫ್ರೆಂಚ್ ಎಂಬ ಎಂಜಿನಿಯರರ ಮನೆಯ ಕಾರ್ ಗ್ಯಾರೇಜಿನಲ್ಲಿ 32 ಮಂದಿ ಸೇರಿದರು. ಅವರನ್ನು ಕರೆದವರು ಫ್ರೆಂಚ್ ಮತ್ತು ಯುದ್ಧವಿರೋಧಿ ಕಾರ್ಯಕರ್ತ ಫ್ರೆಡ್ ಮೂರ್. ಸೇರಿದವರ ಹಂಬಲ ಒಂದೇ, ಸ್ವಂತದ್ದೊಂದು ಕಂಪ್ಯೂಟರ್. ಮುಂದೆ ‘ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್’ ಎಂದು ಹೆಸರಾದ ಸಂಘ ಹುಟ್ಟಿದ್ದು ಹೀಗೆ.

ಆ ಕಾಲಕ್ಕೆ ಕಂಪ್ಯೂಟರ್ ಎಂದರೆ ಸರ್ಕಾರ, ವಿಶ್ವವಿದ್ಯಾಲಯ, ದೊಡ್ಡ ಕಂಪನಿಗಳ ಆಸ್ತಿ. ಆ ವರ್ಷದ ಜನವರಿಯ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ 8800 ಎಂಬ ಯಂತ್ರದ ಚಿತ್ರ ಬಂತು. ಸುಮಾರು 400 ಡಾಲರ್ ಕೊಟ್ಟು ಬಿಡಿಭಾಗಗಳನ್ನು ತರಿಸಿ ತಾವೇ ಜೋಡಿಸಿಕೊಳ್ಳಬೇಕು. ಕೀಲಿಮಣೆಯಿಲ್ಲ, ಪರದೆಯಿಲ್ಲ, ಸ್ವಿಚ್ಚುಗಳ ಸಾಲು, ಮಿಣುಕುವ ದೀಪಗಳು, ಇಂಗ್ಲಿಷಿನ 256 ಅಕ್ಷರಗಳಷ್ಟನ್ನೇ ಹಿಡಿಯುವ ಸ್ಮರಣೆ. ಇದನ್ನು ಕೊಂಡವರು ಮುಂದೇನು ಮಾಡಬೇಕೆಂದು ಬಲ್ಲವರನ್ನು ಕೇಳಲೇಬೇಕಿತ್ತು.

ಗ್ಯಾರೇಜು ಸಾಲದಾದಾಗ ಸಭೆಗಳು ಸ್ಟ್ಯಾನ್‌ಫರ್ಡ್‌ನ ಲೀನಿಯರ್ ಆಕ್ಸಲರೇಟರ್ ಕೇಂದ್ರದ ಸಭಾಂಗಣಕ್ಕೆ ಹೋದವು. ಲೀ ಫೆಲ್ಸೆನ್‌ಸ್ಟೈನ್ ಅವುಗಳನ್ನು ನಡೆಸುತ್ತಿದ್ದ ಕ್ರಮ ಸರಳ. ಮೊದಲು ಒಬ್ಬೊಬ್ಬರೂ ಎದ್ದು ತಮ್ಮ ಬಳಿ ಏನಿದೆ, ಏನು ಬೇಕು ಎಂದು ಹೇಳುವುದು. ಆಮೇಲೆ ಬೇಕಾದವರು ಬೇಕಾದವರನ್ನು ಹುಡುಕಿಕೊಂಡು ಹೋಗುವುದು. ಪ್ರಾತ್ಯಕ್ಷಿಕೆಗಳೂ ನಡೆಯುತ್ತಿದ್ದವು. ಸ್ಟೀವ್ ಡಾಂಪಿಯರ್ ತಮ್ಮ ಆಲ್ಟೇರ್ ಹತ್ತಿರ ಒಂದು ರೇಡಿಯೊ ಇಟ್ಟು, ಸ್ವಿಚ್ಚುಗಳನ್ನು ಒಂದೊಂದಾಗಿ ಒತ್ತಿ ಪ್ರೋಗ್ರಾಂ ತುಂಬಿಸಿದರು. ಯಂತ್ರ ಹೊಮ್ಮಿಸುವ ವಿದ್ಯುತ್ ಅಲೆಗಳು ರೇಡಿಯೊದಲ್ಲಿ ಬೀಟಲ್ಸ್ ತಂಡದ ಹಾಡಿನ ಧಾಟಿಯಾಗಿ ಕೇಳಿಸಿದಾಗ ನೆರೆದವರು ಬೆರಗಾದರು.

ಆಲ್ಟೇರ್ ಬಳಸಲು ‘ಬೇಸಿಕ್’ ಎಂಬ ಸುಲಭ ಭಾಷೆಯೊಂದನ್ನು ಬಿಲ್ ಗೇಟ್ಸ್, ಪಾಲ್ ಅಲೆನ್ ಮತ್ತು ಮಾಂಟೆ ಡೇವಿಡಾಫ್ ಸಿದ್ಧಪಡಿಸಿದ್ದರು. 1975ರ ಜೂನ್‌ನಲ್ಲಿ ಪಾಲೋ ಆಲ್ಟೋದ ಹೋಟೆಲೊಂದರ ಪ್ರದರ್ಶನದಲ್ಲಿ ಅದರ ರಂಧ್ರ ಕೊರೆದ ಕಾಗದದ ಸುರುಳಿ ಯಾರದೋ ಕೈಸೇರಿತು. ಅದರ ಪ್ರತಿಗಳನ್ನು ಕ್ಲಬ್ಬಿನಲ್ಲಿ ಪುಕ್ಕಟೆ ಹಂಚಲಾಯಿತು. ಷರತ್ತು ಒಂದೇ: ಒಂದು ಪ್ರತಿ ಒಯ್ದವರು ಎರಡು ಪ್ರತಿ ತಂದುಕೊಡಬೇಕು.

ನಮ್ಮ ಹಳ್ಳಿಗಳ ಮುಯ್ಯಿಯನ್ನು ಬಲ್ಲವರಿಗೆ ಈ ಲೆಕ್ಕ ಹೊಸದಲ್ಲ. ಆದರೆ ಮುಯ್ಯಾಳಾಗಿ ಹೋದವನಿಗೆ ಮರುದಿನ ತನ್ನ ಗದ್ದೆಗೂ ಆಳು ಸಿಗುತ್ತದೆ. ಬೇಸಿಕ್ ಬರೆದವರಿಗೆ ಮರಳಿ ಬಂದದ್ದೇನು? 1976ರ ಫೆಬ್ರುವರಿ 3ರ ದಿನಾಂಕ ಹೊತ್ತ ಬಹಿರಂಗ ಪತ್ರದಲ್ಲಿ 20 ವರ್ಷದ ಗೇಟ್ಸ್ ಕೇಳಿದ್ದು ಇದನ್ನೇ. ಆಲ್ಟೇರ್ ಕೊಂಡವರಲ್ಲಿ ಶೇ. 10ಕ್ಕಿಂತ ಕಡಿಮೆ ಜನ ಬೇಸಿಕ್ ಕೊಂಡಿದ್ದಾರೆ, ತಮ್ಮ ದುಡಿಮೆಗೆ ಗಂಟೆಗೆ ಎರಡು ಡಾಲರೂ ಗಿಟ್ಟಿಲ್ಲ, ಇದು ಕಳ್ಳತನ ಎಂದು ಅವರು ಬರೆದರು.

ಹವ್ಯಾಸಿಗಳು ಸಿಟ್ಟಾದರು. ಪ್ರತಿಗಳು ಹರಡಿದ್ದರಿಂದಲೇ ಆ ಬೇಸಿಕ್ ಮನೆಮಾತಾಯಿತು ಎಂಬುದು ಕೆಲವರ ವಾದ. ಇನ್ನು ಕೆಲವರು ಕೆಲಸದಿಂದಲೇ ಉತ್ತರಿಸಿದರು. ಕ್ಲಬ್ಬಿನ ಟಾಮ್ ಪಿಟ್‌ಮನ್ ಪುಟ್ಟ ಬೇಸಿಕ್ ಒಂದನ್ನು ಬರೆದು 5 ಡಾಲರಿಗೆ ಮಾರಿದರು. ಬೆಲೆ ನ್ಯಾಯವಾಗಿದ್ದರೆ ಜನ ಕದಿಯುವುದಿಲ್ಲ ಎಂಬುದು ಅವರ ನಂಬಿಕೆ. ಲಿ-ಚೆನ್ ವಾಂಗ್ 1976ರಲ್ಲಿ ತಮ್ಮ ಬೇಸಿಕ್ ಅನ್ನು ಬಿಟ್ಟಿಯಾಗಿಯೇ ಕೊಟ್ಟರು. ‘ಎಲ್ಲ ಹಕ್ಕುಗಳನ್ನು ಕಾದಿರಿಸಿದೆ’ ಎಂದು ಇರಬೇಕಾದಲ್ಲಿ ‘ಎಲ್ಲ ತಪ್ಪುಗಳನ್ನು ಕಾದಿರಿಸಿದೆ’ ಎಂಬರ್ಥದ ಮಾತನ್ನೂ, ‘ಕಾಪಿಲೆಫ್ಟ್’ ಎಂಬ ಪದವನ್ನೂ ಸೇರಿಸಿದರು. ಇದೇ ಪದ 1980ರ ದಶಕದಲ್ಲಿ ರಿಚರ್ಡ್ ಸ್ಟಾಲ್‌ಮನ್ ಅವರ ಮುಕ್ತ ತಂತ್ರಾಂಶ ಚಳವಳಿಯಲ್ಲಿ ಕಾನೂನಿನ ಬಲ ಪಡೆಯಿತು.

ಕ್ಲಬ್ಬಿನ ಒಳಗೂ ಈ ಎರಡು ದಾರಿಗಳಿದ್ದವು. ಮೊದಲ ಸಭೆಗೇ ಬಂದಿದ್ದ ಸ್ಟೀವ್ ವೋಜ್ನಿಯಾಕ್ ತಾವು ರಚಿಸಿದ ಕಂಪ್ಯೂಟರಿನ ನಕಾಶೆಯನ್ನು ಕೇಳಿದವರಿಗೆಲ್ಲ ಹಂಚಿದರು. ಹಂಚುವ ಬದಲು ಜೋಡಣೆಯ ಫಲಕವನ್ನೇ ಮಾರೋಣ ಎಂದವರು ಗೆಳೆಯ ಸ್ಟೀವ್ ಜಾಬ್ಸ್. 1976ರ ಏಪ್ರಿಲ್ 1ರಂದು ಆಪಲ್ ಕಂಪನಿ ಹುಟ್ಟಿತು.

ಸಿದ್ಧ ಕಂಪ್ಯೂಟರುಗಳು ಅಂಗಡಿಗೆ ಬಂದ ಮೇಲೆ ಬಿಡಿಭಾಗ ಜೋಡಿಸುವವರು ಕಡಿಮೆಯಾದರು. 1986ರ ಡಿಸೆಂಬರ್‌ನಲ್ಲಿ ಕ್ಲಬ್ ಮುಚ್ಚಿತು. ಅಲ್ಲಿ ಎದ್ದ ಪ್ರಶ್ನೆ ಮಾತ್ರ ಮುಗಿದಿಲ್ಲ. ಇಂದು ಅನೇಕರ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗೆ ಯಾರು ಬೇಕಾದರೂ ತೆರೆದು ನೋಡಬಹುದಾದ ಲಿನಕ್ಸ್ ಇದೆ. ಅದರ ಮೇಲೆ, ಒಳಗುಟ್ಟು ಬಿಡದ ಕಂಪನಿಗಳ ತಂತ್ರಾಂಶಗಳೂ ಇವೆ. ಮುಯ್ಯಿ ಮತ್ತು ಮಾರಾಟ ಒಂದೇ ಯಂತ್ರದಲ್ಲಿ ಕೂಡಿ ಬಾಳುತ್ತಿವೆ.