ಸ್ಮಾರ್ಟ್ ಬೈಕ್ ಅಲುಗಾಡಿದರೆ ಆರಾಮ ಯಾಕೆ? ಹಲಗೆ ಹಾಕಿಸೋ ಮುಂಚೆ ಇದನ್ನ ಕೇಳ್ರಿ

ಇವತ್ತಿನ ಕಂತು ಮೂಡಲಗಿಯ ಕೇಳುಗರೊಬ್ಬರ ವಾಯ್ಸ್ ಮೆಸೇಜ್ ಮೇಲೆ. ಅವರು ಕೇಳಿದ್ದು ಇಷ್ಟು: "ಅಣ್ಣಾ, ರೋಡ್ ಮ್ಯಾಲ ಎರಡು ತಾಸು ಸೈಕಲ್ ಹೊಡದ್ರೂ ಏನೂ ಆಗಂಗಿಲ್ಲ. ಒಳಗ ಸ್ಮಾರ್ಟ್ ಬೈಕ್ ಮ್ಯಾಲ ಅರ್ಧಾ ತಾಸು ಕುಂತ್ರ ಕೆಳಗ ಜೋಮು ಹಿಡೀತೈತಿ. ಅದರ ಕೆಳಗ ಅಲುಗಾಡೋ ಹಲಗಿ ಹಾಕಿದ್ರ ಸರಿ ಆಗತೈತಂತ, ಖರೇ ಏನು?"

ಉತ್ತರ: ಖರೇ ಐತಿ, ಆದರೆ ಅರ್ಧ. ಇನ್ನರ್ಧ ಸೀಟಿನ ಹೊಂದಾಣಿಕೆಯಲ್ಲಿದೆ. ಎರಡನ್ನೂ ಬಿಡಿಸಿ ಹೇಳ್ತೀನಿ.

ಮೊದಲು ಹೊಸಬರಿಗೆ ಒಂದು ಮಾತು. ಇಲ್ಲಿ ಬೈಕ್ ಅಂದ್ರೆ ಮೋಟರ್ ಸೈಕಲ್ ಅಲ್ಲ. ಮನೆಯಲ್ಲೋ ಜಿಮ್‌ನಲ್ಲೋ ಒಂದೇ ಕಡೆ ನಿಂತಿರೋ ಸೈಕಲ್. ಮೊಬೈಲ್ ಆ್ಯಪ್‌ಗೆ ಜೋಡಿಸಿದರೆ ಸ್ಕ್ರೀನ್ ಮೇಲೆ ಏರು ಬಂದಾಗ ಪೆಡಲ್ ತಾನೇ ಭಾರ ಆಗುತ್ತೆ. ಇನ್ನೊಂದು ಜಾತಿ ಟ್ರೈನರ್: ನಮ್ಮದೇ ಸೈಕಲ್ಲನ್ನ ಅದರ ಮೇಲೆ ಕೂಡಿಸೋದು.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಇದು ಶೋಕಿ ಅಷ್ಟೇ ಅಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಸೈಕಲ್ ರೇಸಿನ ಹುಚ್ಚು ಹಳೇದು. ಆದರೆ ಕಬ್ಬಿನ ಹಂಗಾಮು ಶುರುವಾದ ಮೇಲೆ ನಮ್ಮ ರಸ್ತೆ ಹೆಂಗಿರತೈತಿ ಅಂತ ನಿಮಗೆ ಗೊತ್ತು. ಒಂದು ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್, ಎರಡೂ ಬದಿ ಹೊರಚಾಚಿದ ಕಬ್ಬು. ನಸುಕಿನ ಕತ್ತಲಲ್ಲಿ ಅದರ ಪಕ್ಕ ಸೈಕಲ್ ಹೊಡೆಯೋದು ಜೀವದ ಜೊತೆ ಆಟ. ಹಾಗಾಗಿ ಆ ತಿಂಗಳುಗಳಲ್ಲಿ ಒಳಗೇ ಪ್ರ್ಯಾಕ್ಟೀಸ್ ಮಾಡೋದು ಜಾಣತನ. ಆದರೆ ಜೋಮಿಗೆ ಬೇಸತ್ತು ಎರಡೇ ವಾರಕ್ಕೆ ಬಿಟ್ಟರೆ ಏನು ಉಪಯೋಗ?

ಈಗ ಮೂಲ ಪ್ರಶ್ನೆ. ರಸ್ತೆ ಮೇಲೆ ಆಗದ ನೋವು ಒಳಗೆ ಯಾಕೆ?

ರಸ್ತೆಯಲ್ಲಿ ಸೈಕಲ್ ಒಂದು ಕ್ಷಣವೂ ಸುಮ್ಮನಿರೋದಿಲ್ಲ. ಪ್ರತಿ ತುಳಿತಕ್ಕೂ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ವಾಲುತ್ತೆ. ತಗ್ಗು ಬಂದರೆ ನಾವು ಏಳ್ತೀವಿ. ಇಳಿಜಾರು ಬಂದರೆ ತುಳಿಯೋದನ್ನೇ ನಿಲ್ಲಿಸ್ತೀವಿ. ನಮ್ಮ ರಸ್ತೆ ತಗ್ಗುಗಳಿಗೆ ಬೈತೀವಿ, ಆದರೆ ಸೀಟಿನಿಂದ ಎಬ್ಬಿಸಿ ರಕ್ತ ಓಡಾಡೋ ಹಾಗೆ ಮಾಡೋದು ಅವೇ! ಒಳಗಿನ ಬೈಕ್‌ನಲ್ಲಿ ಇದು ಯಾವುದೂ ಇಲ್ಲ. ಕಾಲು ತುಳಿದಾಗ ಸೊಂಟ ಅಲುಗುತ್ತೆ, ಸೀಟು ಅಲುಗೋದಿಲ್ಲ. ಆ ತಿಕ್ಕಾಟವೆಲ್ಲ ಚರ್ಮದ ಮೇಲೆ, ಒತ್ತಡವೆಲ್ಲ ಒಂದೇ ಜಾಗದ ಮೇಲೆ. ನಮ್ಮ ಭಾರ ಹೊರಬೇಕಾದದ್ದು ಕುಂಡಿಯ ಎರಡು ಎಲುಬು. ಅವುಗಳ ನಡುವಿನ ಮೆತ್ತನೆ ಭಾಗದಲ್ಲಿ ನರ, ರಕ್ತನಾಳ ಇವೆ. ಭಾರ ಅಲ್ಲಿಗೆ ಸರಿದು ಅಲ್ಲೇ ನಿಂತರೆ ಜೋಮು ಹಿಡಿಯುತ್ತೆ.

ಸೀಟಿನ ಜೊತೆ ಇಡೀ ಬೈಕ್ ಸೊಂಟದ ಹಿಂದೆ ಅಲುಗಿದರೆ ತಿಕ್ಕಾಟ ಕಡಿಮೆ, ಒತ್ತಡದ ಜಾಗವೂ ಆಗಾಗ ಬದಲು. ಅಲುಗಾಟದ ಗುಟ್ಟು ಇಷ್ಟೇ.

ಕಂಪನಿಗಳಿಗೂ ಇದು ಅರ್ಥವಾಗಿದೆ. 2019ರಲ್ಲಿ ಅಮೆರಿಕದ ಸಾರಿಸ್ ಕಂಪನಿ ಟ್ರೈನರ್ ಇಡೋಕೆ ಎಂಪಿ1 ಅನ್ನೋ ಹಲಗೆ ತಂತು. ಹಿಂದೆ ಮುಂದೆ, ಎಡ ಬಲ ಎರಡೂ ಅಲುಗುತ್ತಿತ್ತು. ಬೆಲೆ ಸುಮಾರು 1,200 ಡಾಲರ್, ಅಂದ್ರೆ ಆಗಿನ ಲೆಕ್ಕದಲ್ಲೇ 80 ಸಾವಿರ ರೂಪಾಯಿ ಮೇಲೆ. 2020ರಲ್ಲಿ ವಾಹೂ ತನ್ನ ಕಿಕರ್ ಟ್ರೈನರ್‌ಗೆ 5 ಡಿಗ್ರಿ ತನಕ ವಾಲಲು ಬಿಡುವ ಮೆತ್ತನೆ ಪಾದ ಹಾಕಿತು. ಅದೇ ವರ್ಷ ಬೋಫ್ಲೆಕ್ಸ್‌ನ ವೆಲೋಕೋರ್ ಬಂತು, ಅದರಲ್ಲಿ ಬೈಕೇ ಎಡ ಬಲ ವಾಲುತ್ತೆ. 2023ರಲ್ಲಿ ಬಂದ ಕಿಕರ್ ಮೂವ್ ಹಿಂದೆ ಮುಂದೆಯೂ ಸರಿಯುತ್ತೆ. ಇಷ್ಟು ದುಡ್ಡು ಎಲ್ಲಿಂದ ತರೋದು ಅಂತ ಜಗತ್ತಿನ ಎಷ್ಟೋ ಹುಡುಗರು ಮನೆಯಲ್ಲೇ ಪ್ಲೈವುಡ್ ಕೊಯ್ದು ರಾಕರ್ ಪ್ಲೇಟ್ ಮಾಡಿಕೊಂಡರು.

ನಮ್ಮಲ್ಲೂ ಆಗುತ್ತೆ. ಬಡಿಗೇರ ಇದ್ದಾರೆ, ವೆಲ್ಡಿಂಗ್ ಅಂಗಡಿ ಇದೆ. ಹಿಟ್ಟಿನ ಗಿರಣಿಯ ಶಾಫ್ಟ್ ಹಿಡಿಯೋ ಬೇರಿಂಗ್ ಬ್ಲಾಕ್ ಗೊತ್ತಲ್ಲ, ಅಂಥವೇ ಸಾಕು. ಕೆಳಗೊಂದು ಹಲಗೆ, ಮೇಲೊಂದು ಹಲಗೆ, ನಡುವೆ ಉದ್ದಕ್ಕೆ ಶಾಫ್ಟ್, ಎರಡೂ ಬದಿಗೆ ಸ್ಪ್ರಿಂಗ್ ಅಥವಾ ಗಾಳಿ ತುಂಬಿದ ಸಣ್ಣ ಚೆಂಡು.

ಆದರೆ ಇಲ್ಲಿ ಒಂದು ಸೂಕ್ಷ್ಮ ಇದೆ. ಮನೆ ತೊಟ್ಟಿಲು, ಗೋಕಾಕ ಫಾಲ್ಸ್‌ನ ತೂಗುಸೇತುವೆ ನೆನಪಿಸಿಕೊಳ್ರಿ. ಎರಡೂ ಮೇಲಿನಿಂದ ತೂಗುಬಿಟ್ಟವು, ಅಲುಗಿದರೂ ತಾವೇ ನಡುವಿಗೆ ಬರ್ತವೆ. ಈ ಹಲಗೆ ಅದರ ಉಲ್ಟಾ. ಭಾರವೆಲ್ಲ ಶಾಫ್ಟಿನ ಮೇಲಿದೆ. ಅಂಗೈ ಮೇಲೆ ಬಡಿಗೆ ನಿಲ್ಲಿಸಿದಂಗೆ. ನಿಮ್ಮ ಮೈಭಾರದ ನಡು ಶಾಫ್ಟಿನಿಂದ ಒಂದು ಮೀಟರ್ ಮೇಲಿದೆ ಅನ್ಕೊಳ್ರಿ. ಹಲಗೆ 5 ಡಿಗ್ರಿ ವಾಲಿದರೆ ಆ ಭಾರ ಸುಮಾರು 9 ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತೆ. ಅದನ್ನ ವಾಪಸ್ ತರೋದು ಸ್ಪ್ರಿಂಗ್ ಮಾತ್ರ. ಸ್ಪ್ರಿಂಗ್ ಸೋತರೆ ಬೈಕ್ ಒಂದು ಕಡೆ ವಾಲಿ ಅಲ್ಲೇ ಕೂರುತ್ತೆ.

ಸ್ಮಾರ್ಟ್ ಬೈಕ್‌ಗೆ ಇದು ಇನ್ನೂ ಮುಖ್ಯ. ವಾಹೂ ಕಿಕರ್ ಬೈಕ್ ಒಂದೇ 42 ಕೆ.ಜಿ. ಅದರ ಮೇಲೆ 70 ಕೆ.ಜಿ. ಆಳು ಕೂತರೆ 112 ಆಯ್ತು. ಟ್ರೈನರ್‌ಗೆ ಮಾಡಿದ ಹಲಗೆಯನ್ನ ಹಾಗೇ ಇದಕ್ಕೆ ಹಾಕಬೇಡಿ.

ಬಿಗಿ ಸಾಲದಿದ್ದರೆ ಸುಲಭದ ದಾರಿ ಸ್ಪ್ರಿಂಗನ್ನ ಶಾಫ್ಟಿನಿಂದ ಹೊರಕ್ಕೆ ಸರಿಸೋದು. ದೂರ ಎರಡು ಪಟ್ಟು ಮಾಡಿದರೆ ವಾಲದಂತೆ ತಡೆಯೋ ಬಿಗಿ ನಾಲ್ಕು ಪಟ್ಟು ಆಗುತ್ತೆ. ಚೆಂಡು ಇದ್ದರೆ ಗಾಳಿ ಹೆಚ್ಚು ಕಡಿಮೆ ಮಾಡಿ ನೋಡಬಹುದು. ಪರೀಕ್ಷೆ ಸರಳ: ಕೂತು ನಿಧಾನ ತುಳಿದಾಗ ಅಲುಗಾಟ ಕಂಡೂ ಕಾಣದಷ್ಟು ಇರಬೇಕು, ಎದ್ದು ನಿಂತು ತುಳಿದಾಗ ಮಾತ್ರ ಚೆನ್ನಾಗಿ ವಾಲಬೇಕು. ತೊಟ್ಟಿಲು ತೂಗಿದಂಗೆ ತೂಗಿದರೆ ಅದು ಆರಾಮ ಅಲ್ಲ, ತಲೆನೋವು.

ಇನ್ನು ಜಾಗ್ರತೆ. ಹಲಗೆ ಬೈಕಿನ ಕಾಲುಗಳಿಗಿಂತ ಅಗಲ ಇರಲಿ, ಕಾಲುಗಳನ್ನ ಪಟ್ಟಿ ಹಾಕಿ ಬಿಗೀರಿ. ಎರಡೂ ಬದಿಗೆ ರಬ್ಬರ್ ತಡೆ ಇರಲಿ. ಎರಡು ಹಲಗೆ ನಡುವಿನ ಸಂದಿಯಲ್ಲಿ ಮಕ್ಕಳ ಬೆರಳು ಸಿಕ್ಕರೆ ಮುಗೀತು, ಆದ್ದರಿಂದ ಅಂಚು ಮುಚ್ಚಿಸ್ರಿ. ಬೈಕ್ ನೆಲದಿಂದ ಮೇಲೆ ಏರಿರುತ್ತೆ, ಹತ್ತೋಕೆ ಇಳಿಯೋಕೆ ಪಕ್ಕದಲ್ಲಿ ಗಟ್ಟಿ ಮೆಟ್ಟಿಲು ಇಡ್ರಿ. ಕರೆಂಟ್ ವಿಷಯವೂ ಇದೆ. ಹುಕ್ಕೇರಿಯ ಸಹಕಾರಿ ಸಂಘದ್ದಿರಲಿ, ನಮ್ಮ ಕಡೆ ಹೆಸ್ಕಾಂದ್ದಿರಲಿ, ಕರೆಂಟ್ ಹೇಳಿ ಹೋಗಲ್ಲ. ಪ್ಲಗ್ ಬೇಕಾದ ಬೈಕ್‌ನಲ್ಲಿ ಕರೆಂಟ್ ಹೋದರೆ ಪೆಡಲ್ ಒಮ್ಮೆಲೇ ಹಗುರ ಆಗಬಹುದು. ನಿಂತು ಜೋರಾಗಿ ತುಳಿಯೋ ಹೊತ್ತಲ್ಲಿ, ಅದೂ ಅಲುಗೋ ಹಲಗೆ ಮೇಲೆ, ಆಯ ತಪ್ಪುತ್ತೆ. ಯುಪಿಎಸ್ ಇದ್ದರೆ ಅದಕ್ಕೆ ಜೋಡಿಸ್ರಿ. ಹಲಗೆ ಹಾಕಿದರೆ ವಾರಂಟಿ ಉಳಿಯುತ್ತಾ ಅಂತ ಕಂಪನಿ ಪುಸ್ತಕದಲ್ಲಿ ನೋಡಿಕೊಳ್ರಿ.

ಕಾಮರ್ಸ್ ಓದಿದವನ ಚಾಳಿ, ಖರ್ಚಿನ ಕ್ರಮ ಹೇಳದೆ ಬಿಡೋದಿಲ್ಲ. ಮೊದಲು ದುಡ್ಡಿಲ್ಲದ ಕೆಲಸ: ಸೀಟಿನ ಮೇಲೆ ರಸಮಟ್ಟ ಇಟ್ಟು ಸಮ ಇದೆಯಾ ನೋಡ್ರಿ. ಮೂತಿ ಮೇಲೆದ್ದಿದ್ದರೆ ಜೋಮಿನ ಅರ್ಧ ಕಾರಣ ಅಲ್ಲೇ ಸಿಗುತ್ತೆ. ಸೀಟು ತೀರಾ ಎತ್ತರ ಇದ್ದರೆ ಸೊಂಟ ಎಡ ಬಲ ಜಗ್ಗುತ್ತೆ, ಇಳಿಸ್ರಿ. ಹತ್ತು ನಿಮಿಷಕ್ಕೊಮ್ಮೆ ಎದ್ದು ಅರ್ಧ ನಿಮಿಷ ನಿಂತು ತುಳೀರಿ. ಎರಡನೇದು ಸಣ್ಣ ಖರ್ಚು: ಎದುರಿಗೆ ಫ್ಯಾನ್, ಪ್ಯಾಡ್ ಇರೋ ಸೈಕ್ಲಿಂಗ್ ಚಡ್ಡಿ, ಅದರ ಒಳಗೆ ಬೇರೆ ಒಳಚಡ್ಡಿ ಬೇಡ. ಮೂರನೇದು ನಿಮ್ಮ ಎಲುಬಿನ ಅಗಲಕ್ಕೆ ಹೊಂದೋ ಸೀಟು. ಹಲಗೆ ನಾಲ್ಕನೇದು. ಸೀಟೇ ಹೊಂದದಿದ್ದರೆ ಹಲಗೆ ನೋವನ್ನ ಸ್ವಲ್ಪ ತಡ ಮಾಡುತ್ತೆ, ತೆಗೆಯೋದಿಲ್ಲ.

ಇನ್ನೊಂದು. ಹಲಗೆ ಹಾಕಿದರೆ ವಾಟ್ ಏರುತ್ತೆ ಅಂತ ನಂಬಬೇಡಿ. ರಸ್ತೆ ಸೈಕಲ್‌ನ ಹಾಗೇ ಅನ್ನಿಸುತ್ತೆ ಅನ್ನೋದೂ ಪೂರ್ತಿ ಸರಿಯಲ್ಲ. ರಸ್ತೆಯಲ್ಲಿ ಎದ್ದು ಬಲಗಾಲು ಒತ್ತಿದಾಗ ಸೈಕಲ್ ಎಡಕ್ಕೆ ವಾಲುತ್ತೆ. ಹಲಗೆ ಮೇಲೆ ಮೊದಮೊದಲು ಒತ್ತಿದ ಕಡೆಗೇ ವಾಲಿದಂಗೆ ಅನ್ನಿಸಬಹುದು. ಕೈಯಿಂದ ಹ್ಯಾಂಡಲ್ ಎಳೆಯೋದು ರೂಢಿ ಆಗಬೇಕು.

ಕೊನೇ ಮಾತು, ಇದಕ್ಕೆ ನಾಚಿಕೆ ಬೇಡ. ಇಳಿದ ಸ್ವಲ್ಪ ಹೊತ್ತಿಗೆ ಜೋಮು ಬಿಟ್ಟರೆ ಸೀಟು ಸರಿ ಮಾಡಿಕೊಳ್ರಿ. ಗಂಟೆಗಟ್ಟಲೆ ಬಿಡದಿದ್ದರೆ, ಇಲ್ಲಾ ಪದೇ ಪದೇ ಬರ್ತಿದ್ದರೆ ಸೈಕಲ್ ನಿಲ್ಲಿಸಿ ಡಾಕ್ಟರ್ ಹತ್ರ ಹೋಗ್ರಿ. ಹುಡುಗರೂ ಹುಡುಗಿಯರೂ ಇದನ್ನ ಯಾರಿಗೂ ಹೇಳದೆ ಸಹಿಸ್ತಾರೆ. ನರದ ಮಾತಿಗೆ ಯಾವ ಹಲಗೆಯೂ ಔಷಧಿ ಅಲ್ಲ.

ಮೂಡಲಗಿ ದೋಸ್ತ, ಇವತ್ತು ಸಂಜಿ ರಸಮಟ್ಟ ಹಿಡಕೊಂಡು ಸೀಟು ನೋಡು, ಹಲಗಿ ಆಮ್ಯಾಲ. ಏನಾಯ್ತು ಅಂತ ವಾಯ್ಸ್ ಮೆಸೇಜ್ ಹಾಕು. ಉಳಿದವರೂ ಪ್ರಶ್ನೆ ಕಳಸ್ರಿ. ಮುಂದಿನ ಕಂತಿನಲ್ಲಿ ಸಿಗೋಣ್ರಿ.